ನಾಲ್ಕು ತಾಲ್ಲೂಕು, ನಾಲ್ಕು ಸಹಿ

ಜುಲೈ ಏಳು, ಸೋಮವಾರ. ಬೆಳಿಗ್ಗೆ ಮೋಡ, ಆಮೇಲೆ ಗಾಳಿ, ಮಳೆಯಿಲ್ಲ.

ಸರ್ಕಾರಿ ಶಾಲೆಗಳ ಪರವಾಗಿ ಓಡಾಡುವ ನಮ್ಮ ಪುಟ್ಟ ಸಂಸ್ಥೆಗೆ ವರ್ಷಕ್ಕೊಬ್ಬರು ಇಂಟರ್ನ್ ಬರುತ್ತಾರೆ. ಊರವರು ಅವರನ್ನು ಇಂಟರ್ನ್ ಒಂದನ್ನು ಬಿಟ್ಟು ಮಿಕ್ಕೆಲ್ಲವೂ ಎಂದು ತಿಳಿಯುತ್ತಾರೆ. ಹೋದ ವರ್ಷದ ಹುಡುಗನನ್ನು ಸಾಲ ವಸೂಲಿಯವನೆಂದುಕೊಂಡು ಒಂದು ಬೀದಿಗೆ ಬೀದಿಯೇ ಬಾಗಿಲು ಹಾಕಿಕೊಂಡಿತ್ತು.

ಈ ಸಲ ಬಂದವಳು ಎಂ.ಎ. ಓದುವ ಹುಡುಗಿ. ನಾಲ್ಕು ತಾಲ್ಲೂಕಿನ ನಾಲ್ಕು ಶಾಲೆಗಳಲ್ಲಿ ಏನು ಕೊರತೆಯೆಂದು ಕೇಳಿ ಬರೆದು, ಪ್ರತಿ ಹಾಳೆಗೂ ಆ ಊರಿನ ಒಬ್ಬರ ಸಹಿ ಹಾಕಿಸಬೇಕು. ಗುರುವಾರ ಸಂಜೆಯೊಳಗೆ ನಾಲ್ಕೂ ಹಾಳೆ ಕಾಲೇಜಿಗೆ ಸೇರದಿದ್ದರೆ ಅವಳು ಪಾಸಾಗುವುದಿಲ್ಲ. ನನ್ನ ಪಾಲಿನ ಕೆಲಸ ಬೈಕು ಓಡಿಸುವುದು, ಸುಮ್ಮನಿರುವುದು. ಎರಡನೆಯದು ನನಗೆ ಸಲೀಸು.

ಮಧುಗಿರಿ ಕಡೆಯ ಹೆಡ್‌ಮಾಸ್ಟರು

ಅವಳ ಕೈಯಲ್ಲಿ ಪುಸ್ತಕ ಕಂಡದ್ದೇ ಹೆಡ್‌ಮಾಸ್ಟರು ಎದ್ದು ನಿಂತರು.

"ಮೇಲಿಂದ ಬಂದಿದ್ದೀರಿ ಮೇಡಂ."

"ಇಲ್ಲ ಸರ್, ನಾನು ಇಂಟರ್ನ್."

"ಹಾಗೇ ಹೇಳ್ಬೇಕು ಅಂತ ನಿಮಗೆ ಆರ್ಡರ್ ಇರುತ್ತೆ, ಬಿಡಿ."

ಶಾಲೆಯಲ್ಲಿ ಏನು ಕೊರತೆ ಎಂದು ಕೇಳಿದಳು. "ಏನೂ ಇಲ್ಲ ಮೇಡಂ" ಎಂದರು. ಅಷ್ಟರಲ್ಲಿ ಛಾವಣಿಯಿಂದ ಅಂಗೈಯಗಲ ಗಾರೆ ಮೇಜಿನ ಮೇಲೆ ಬಿತ್ತು. ಅವರು ಅದನ್ನು ಕೈಯಲ್ಲೇ ಸರಿಸಿದರು. ಬೆಂಚಿನ ಮೇಲೆ ಕೂತಿದ್ದ ಶಾಲಾ ಸಮಿತಿಯ ಅಧ್ಯಕ್ಷ ಹಾಳೆ ಎಳೆದುಕೊಂಡು, "ಛಾವಣಿ" ಎಂದು ಬರೆದು ಸಹಿ ಹಾಕಿದ.

ಹೆಡ್‌ಮಾಸ್ಟರು ಗೇಟಿನವರೆಗೂ ಬಂದು ನನ್ನ ಕಿವಿಯಲ್ಲಿ ಹೇಳಿದರು: "ಗಾರೆ ಬಿದ್ದಿದ್ದು ಮೇಡಂ ಭೇಟಿಯ ಅವಧಿಯಲ್ಲಿ ಅಂತ ಬರೀಲಿ ಸರ್. ಅದಕ್ಕೂ ಮುಂಚೆ ಬಿದ್ದ ದಾಖಲೆ ಇಲ್ಲ."

ಕೊರಟಗೆರೆ ಕಡೆಯ ಅಪ್ಪ

ಟೀ ಅಂಗಡಿಯ ಮುಂದೆ ಮೂರನೇ ತರಗತಿ ಮಗುವಿನ ಅಪ್ಪ ಸಿಕ್ಕಿದ. ಸರ್ಕಾರಿ ಶಾಲೆ ಯಾಕೆ ಉಳಿಯಬೇಕೆಂದು ಹುಡುಗಿ ಕಾಲು ಗಂಟೆ ವಿವರಿಸಿದಳು. ಅವನು ಪೂರ್ತಿ ಕೇಳಿದ.

"ಎಲ್ಲಾ ಸರಿ ಕಣಮ್ಮ. ವ್ಯಾನ್ ಎಷ್ಟೊತ್ಗೆ ಬತ್ತದೆ?"

"ಯಾವ ವ್ಯಾನ್ ಅಣ್ಣ?"

"ನಿಮ್ ಸ್ಕೂಲಿಂದು. ಮೂರು ಕಾನ್ವೆಂಟ್‌ನೋರು ಬಂದ್ಬುಟ್ಟು ಹೋದ್ರು. ಅವ್ರೂ ಇಂಗೇ ಮಾತಾಡುದ್ರು."

"ಅಣ್ಣ, ನಾನು ಸರ್ಕಾರಿ ಶಾಲೆ ಪರವಾಗಿ ಬಂದಿರೋದು."

"ಅವ್ರು ಸರ್ಕಾರಿ ಸ್ಕೂಲ್‌ನ ಬೈದು ಕರೀತಾರೆ, ನೀನು ಹೊಗಳಿ ಕರೀತೀಯ. ಅವ್ರಿಗಿಂತ ಪಕ್ಕಾ ಇದ್ದೀಯ ಬುಡು."

ಕೊನೆಗೆ ಸಹಿ ಹಾಕಿದ. ಕೊರತೆ ಎಂಬ ಜಾಗದಲ್ಲಿ ತಾನೇ ದಪ್ಪಗೆ ಬರೆದ: ವ್ಯಾನ್.

ಶಿರಾದ ಸಾಹುಕಾರರು

ಶಾಲಾ ಸಮಿತಿಯ ಸದಸ್ಯರಾದ ಕಡಲೆಕಾಯಿ ವ್ಯಾಪಾರಿ ಮಂಡಿಯಲ್ಲಿದ್ದರು. ಹಾಳೆಯ ಒಂದು ಸಾಲು ಓದುವುದು, ಒಂದು ಕಾಯಿ ಒಡೆದು ಬೀಜ ನೋಡುವುದು. ಎರಡನ್ನೂ ಒಂದೇ ಮುಖದಲ್ಲಿ ನೋಡುತ್ತಿದ್ದರು.

"ದಸ್ತಖತ್ ಅಂದ್ರೆ ಗರ್ದನ್ ಕೊಟ್ಟಂಗೆ, ಬೇಟಿ" ಎಂದು ಕುತ್ತಿಗೆ ಮುಟ್ಟಿಕೊಂಡರು.

ಮೊದಲು ಅವಳ ಆಧಾರ್ ಜೆರಾಕ್ಸ್ ತರಿಸಿ ಅದಕ್ಕೆ ಅವಳ ಸಹಿ. ಅವರ ಸಹಿಯನ್ನು ಬೇರೆಲ್ಲೂ ಬಳಸುವುದಿಲ್ಲವೆಂದು ಗುಮಾಸ್ತನ ಕೈಲಿ ಬರೆಸಿ ಅದಕ್ಕೂ ಸಹಿ. ಸಾಕ್ಷಿಗೆ ನನ್ನದು. ಒಂದು ಅಕ್ಷರ ತಿದ್ದಿದ್ದಕ್ಕೆ ಪಕ್ಕದಲ್ಲಿ ಇಬ್ಬರದೂ. ಆಮೇಲೆ ಅವರು, ಶಾಲೆಗೆ ನೀರಿನ ಟ್ಯಾಂಕ್ ಬೇಕೆಂದು ಹೇಳಿ ತಮ್ಮ ಸಹಿ ಹಾಕಿದರು.

ಟೀ ಕುಡಿಸಿ ಪ್ರೀತಿಯಿಂದಲೇ ಕಳಿಸಿದರು. ಮೆಟ್ಟಿಲು ಇಳಿಯುವಾಗ ಒಳಗಿಂದ ಕೇಳಿಸಿತು: "ಗಾಡಿ ನಂಬರ್ ಬರ್ಕೊಂಡ್ಯೇನೋ?"

ತಿರುಮಣಿಯ ಅಜ್ಜಿ

ಗುರುವಾರ ಪಾವಗಡ ತಾಲ್ಲೂಕಿನ ತಿರುಮಣಿ. ಸೋಲಾರ್‌ಗೆ ಜಮೀನು ಗುತ್ತಿಗೆ ಕೊಟ್ಟ ಊರು. ಫೈಲು ಹಿಡಿದು ಬಂದವರೆಲ್ಲ ಜಮೀನಿಗೇ ಬಂದವರು. ಬೈಕು ನಿಲ್ಲಿಸುವುದರೊಳಗೆ ಏಳು ಜನ ಪಹಣಿ ಹಿಡಿದು ಸುತ್ತುವರಿದರು.

"ಎಕರೆಗೆ ಎಷ್ಟು ಕೊಡ್ತೀರ?"

"ಶಾಲೆ ವಿಚಾರಕ್ಕೆ ಬಂದಿದ್ದೀವಿ."

"ಶಾಲೆದೂ ಒಂದೂವರೆ ಎಕರೆ ಐತೆ. ಅದುಕ್ಕೆ ಎಷ್ಟು?"

ಜಮೀನಲ್ಲವೆಂದು ತಿಳಿದ ಮೇಲೆ ಎಲ್ಲರೂ ಚದುರಿದರು. ಉಳಿದವರು ಕುರಿ ಮೇಯಿಸುವ ಒಬ್ಬ ಅಜ್ಜಿ. ಮೊಮ್ಮಗ ಅದೇ ಶಾಲೆಯಲ್ಲಿ ನಾಲ್ಕನೇ ತರಗತಿ. ಐದು ತರಗತಿಗೆ ಒಬ್ಬರೇ ಮೇಷ್ಟ್ರು, ಅವರೂ ವಾರಕ್ಕೆರಡು ದಿನ ಮೀಟಿಂಗಿಗೆ ಹೋಗುತ್ತಾರೆ ಎಂದು ಅಚ್ಚುಕಟ್ಟಾಗಿ ಹೇಳಿದರು. ಸಹಿ ಎಂದದ್ದೇ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ದೀನಿಕಿ ನೀಕು ಎಂತ ಇಸ್ತಾರು?" ಹುಡುಗಿಗೆ ತೆಲುಗು ತಿಳಿಯಲಿಲ್ಲ. ಅಜ್ಜಿ ಕನ್ನಡಕ್ಕೆ ಬಂದರು: "ಇದುಕ್ಕೆ ನಿಂಗೆ ಎಷ್ಟು ಕೊಡ್ತಾರಮ್ಮ?"

"ಏನೂ ಕೊಡಲ್ಲ ಅಜ್ಜಿ."

"ಏನೂ ಕೊಡ್ದೆ ಈ ಬಿಸ್ಲಾಗೆ ತಿರುಗ್ತೀಯ? ಎಲ್ಲೋ ಕೊಡ್ತಾವ್ರೆ, ನೀನು ಹೇಳ್ತಿಲ್ಲ. ಬಿಟ್ಟಿ ಮಾಡೋರ್ನ ನಾನು ನಂಬಾಕಿಲ್ಲ. ಕುರಿ ಯಾಪಾರದೋನೂ ಮೊದ್ಲು ಬಿಟ್ಟಿ ಬೀಡಿ ಕೊಡ್ತಾನೆ."

ಹಾಳೆಗಳನ್ನು ಕಾಲೇಜಿಗೆ ಒಯ್ಯಲು ಅವಳು ಹಿಡಿಯಬೇಕಿದ್ದ ತುಮಕೂರಿನ ಬಸ್ಸಿಗೆ ಹೊತ್ತಾಗುತ್ತಿತ್ತು. ಹುಡುಗಿ ಮೂರು ರೀತಿಯಲ್ಲಿ ವಿವರಿಸಿದಳು. ಅಜ್ಜಿಯ ಅನುಮಾನವೂ ಮೂರು ಪಟ್ಟಾಯಿತು. "ಇಷ್ಟು ಬೇಡ್ಕಂತೀಯ ಅಂದ್ರೆ ದೊಡ್ಡ ದುಡ್ಡೇ ಐತೆ."

ಹುಡುಗಿಯ ಕಣ್ಣು ತುಂಬಿತು. "ಯಾರೂ ಕೊಟ್ಟಿಲ್ಲ ಅಜ್ಜಿ. ಈ ಕೆಲಸ ಮಾಡೋಕೆ ನಾನೇ ಕಾಲೇಜಿಗೆ ಮೂರು ಸಾವಿರ ಕಟ್ಟಿದ್ದೀನಿ. ಇಂಟರ್ನ್‌ಶಿಪ್ ಫೀಸು."

ಇದು ನನಗೂ ಗೊತ್ತಿರಲಿಲ್ಲ. ಅಜ್ಜಿ ಅವಳನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಅವಳನ್ನು ನೋಡಿದರು.

"ಕೆಲ್ಸಾನೂ ನೀನೇ ಮಾಡಿ, ದುಡ್ಡೂ ನೀನೇ ಕೊಟ್ಯಾ?"

"ಹೂಂ."

ಸೆರಗಿನಿಂದ ಕೈ ಹೊರಗೆ ಬಂತು. "ಮೋಸ ಮಾಡಾಕ್ ಬಂದೋಳು ಅನ್ಕಂಡಿದ್ದೆ ಕಣಮ್ಮ. ನೀನು ಮೋಸ ಹೋಗಿ ಬಂದಿದೀಯ. ಕೊಡಿಲ್ಲಿ ಹಾಳೆ."