ಒಂದೇ ಸಾಲಿನಲ್ಲಿ ನವಗ್ರಹ

ಹಾನಗಲ್ಲಿಗೆ ಕಂಪ್ಯೂಟರ್ ಯುಗ ತಂದವನು ನಾನೇ ಎಂದು ನಂಬಿದ್ದ ಕಾಲವದು, ಎಂಬತ್ತರ ದಶಕದ ಕೊನೆ. ಮನೆಯ ಮುಂದಿನ ಕೋಣೆಯಲ್ಲಿದ್ದ ನನ್ನ ತರಬೇತಿ ಕೇಂದ್ರದಲ್ಲಿ ಎರಡು ಕಂಪ್ಯೂಟರುಗಳಿದ್ದವು. ಒಂದು ಟಿ.ವಿ.ಗೆ ಜೋಡಿಸುವ ಸಣ್ಣದು, ಇನ್ನೊಂದು ಹೊಸದಾಗಿ ತಂದ ದೊಡ್ಡದು. ಎರಡರ ಜಾತಿಯೂ ಬೇರೆ, ಆದರೆ ಪ್ರಿಂಟರ್ ಒಂದೇ! ನಡುವಿನ ಡಬ್ಬಿಯ ಗುಂಡಿ ಎಡಕ್ಕೆ ತಿರುವಿದರೆ ಸಣ್ಣದರ ಪಾಳಿ, ಬಲಕ್ಕೆ ತಿರುವಿದರೆ ದೊಡ್ಡದರದು. ಇಬ್ಬರು ಸೊಸೆಯಂದಿರಿಗೆ ಒಂದೇ ಒಲೆ ಕೊಟ್ಟಂತೆ.

ನನ್ನ ತಂಗಿ ಸುಮಾಳನ್ನು ನೋಡಿ ಹೋದ ಹುಡುಗನ ತಂದೆ, ಹಿರೇಕೆರೂರಿನ ಶಿವಲಿಂಗಪ್ಪ ಮಾಸ್ತರರು, ಅಂದು ಕೇಂದ್ರಕ್ಕೇ ಬಂದರು. "ಜಾತಕ ಕೂಡಿದ್ರ ಇವತ್ತ ಸಕ್ರಿ ಹಂಚಿ ಲಗ್ನಾ ಗಟ್ಟಿ ಮಾಡೋಣ್ರಿ," ಎಂದರು. ಹುಡುಗ ಸುಮಾಳಿಗೆ ಮೆಚ್ಚಿಗೆಯಾಗಿದ್ದ. ಅವಳು ತಲೆ ತಗ್ಗಿಸಿ ಮೂಲೆಯಲ್ಲಿ ಕುಳಿತಿದ್ದಳು.

"ಎರಡು ಜಾತಕ, ಎರಡು ಕಂಪ್ಯೂಟರ್! ನೋಡ್ರಿ ಮಾಸ್ತರ!" ಎಂದೆ. ಹುಟ್ಟಿದ ದಿನ, ವೇಳೆ ಹಾಕಿದೊಡನೆ ದೊಡ್ಡದರಿಂದ ಹುಡುಗನ ಜಾತಕ ಚೊಕ್ಕಟವಾಗಿ ಬಂತು. ಹರಿದು ಮೇಜಿನ ಮೇಲಿಟ್ಟು ಗುಂಡಿ ಎಡಕ್ಕೆ ತಿರುವಿದೆ. ಪ್ರಿಂಟರ್ ಕರಕರ ಎಂದಿತು. ಕಾಗದ ಮಾತ್ರ ಮೇಲೇಳಲಿಲ್ಲ. ಸುಮಾಳ ಜಾತಕದ ಸಾಲುಗಳೆಲ್ಲ ಒಂದರ ಮೇಲೊಂದು ಬಿದ್ದು ಒಂದೇ ಕಪ್ಪು ಗೆರೆಯಾಯಿತು!

ಮಾಸ್ತರರು ಕನ್ನಡಕ ಏರಿಸಿದರು. "ಇದೇನ್ರಿ? ಹುಡುಗಿ ಒಂಬತ್ತೂ ಗ್ರಹ ಒಂದ ಮನ್ಯಾಗ ಕುಂತಾವಲ್ರಿ!"

ಸುಮಾಳ ಮುಖ ಬಾಡಿತು. "ಏನ್ರಿ, ಸುಮ್ನ ಕೈಲೆ ಬರದು ಕೊಡ್ರಿ," ಎಂದಳು ನನ್ನ ಹೆಂಡತಿ ಗಿರಿಜಾ.

ಕೈಲೆಯೇ? ಛೇ! ಪ್ರಿಂಟರಿನ ಪುಸ್ತಕ ತೆರೆದೆ. ಸಾಲು ಮುಗಿದಾಗ ಕಾಗದ ಮೇಲೆತ್ತು ಎಂದು ದೊಡ್ಡದು ತಾನೇ ಹೇಳುತ್ತದೆ, ಸಣ್ಣದು ಹೇಳುವುದಿಲ್ಲ. ಪ್ರಿಂಟರಿನ ಹಿಂದಿನ ಪುಟ್ಟ ಸ್ವಿಚ್ಚೊಂದನ್ನು ಒತ್ತಿದರಾಯಿತು! ಗಿರಿಜಾಳ ಹೇರ್‌ಪಿನ್ ಕಿತ್ತುಕೊಂಡು ಒತ್ತಿದೆ. ಸುಮಾಳ ಜಾತಕ ನೆಟ್ಟಗೆ ಬಂತು. ಮೀಸೆ ತಿರುವಿದೆ.

ಆದರೆ ಮೇಜಿನ ಮೇಲಿದ್ದ ಹುಡುಗನ ಜಾತಕ ಮಾಯ! ಇರಲಿ ಎಂದು ಗುಂಡಿ ಬಲಕ್ಕೆ ತಿರುವಿ ಇನ್ನೊಂದು ತೆಗೆದೆ. ಈಗ ದೊಡ್ಡದೂ ಕಾಗದ ಎತ್ತು ಎನ್ನುತ್ತದೆ, ಪ್ರಿಂಟರ್ ತಾನೂ ಎತ್ತುತ್ತದೆ. ಸಾಲು ಸಾಲಿಗೂ ಒಂದು ಖಾಲಿ ಸಾಲು!

"ನಮ್ಮ ಹುಡುಗನ ಗ್ರಹ ಒಂದರ ಮಾರಿ ಒಂದು ನೋಡವಲ್ಲವಲ್ರಿ!" ಎಂದರು ಮಾಸ್ತರರು.

ಹಿಡಿದ ಹಟ ಬಿಡುವ ವಂಶವಲ್ಲ ನಮ್ಮದು! ಮತ್ತೆ ಹೇರ್‌ಪಿನ್ ತೂರಿಸಿದೆ. ಟಪ್! ಪಿನ್ನು ಮುರಿದು ಒಳಗೇ ಉಳಿಯಿತು. ಪ್ರಿಂಟರ್ ಪ್ರಾಣ ಬಿಟ್ಟಿತು.

ನನ್ನ ಮಾನ ಉಳಿಸಲು ಗಿರಿಜಾ ಮಿರ್ಚಿ ಭಜಿ ತಂದಿಟ್ಟಳು. ಮಾಸ್ತರರು ಒಂದೊಂದಾಗಿ ತಿಂದರು. ಕೊನೆಯ ಭಜಿ ಎತ್ತಿದವರು ತಟ್ಟೆಯೊಳಗೆ ಬಗ್ಗಿ ನೋಡಿದರು. "ಇದು ನಮ್ಮ ಹುಡುಗನ ಜಾತಕ ಅಲ್ಲೇನ್ರಿ?"

"ಅಯ್ಯ, ರದ್ದಿ ಅಂದ್ಕೊಂಡು ಭಜಿ ಕೆಳಗ ಹಾಸಿದ್ನ್ರಿ!" ಎಂದಳು ಗಿರಿಜಾ.

ಎಣ್ಣೆ ಕುಡಿದ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಮಾಸ್ತರರು ಸುಮಾಳದರ ಜೊತೆ ತಾಳೆ ನೋಡಿದರು. ಜಾತಕ ಕೂಡಿತು! ಸಕ್ಕರೆ ಹಂಚಿದೆವು. ನನಗೆ ಕಣ್ಣೀರೇ ಬಂತು.

ಹೊರಡುವಾಗ ಮಾಸ್ತರರು ನನ್ನ ಕೈ ಹಿಡಿದುಕೊಂಡರು. "ಒಂದ ಮಾತು. ಲಗ್ನಪತ್ರಿಕಾ ಮಾತ್ರ ನೀವು ಅಚ್ಚು ಹಾಕಬ್ಯಾಡ್ರಿ."

ನಾನು ಬಾಯಿ ತೆರೆಯುವಷ್ಟರಲ್ಲಿ, ಮಧ್ಯಾಹ್ನದಿಂದ ತುಟಿ ಬಿಚ್ಚದ ಸುಮಾ ತಲೆ ಎತ್ತಿ ತನ್ನ ಮಾವನವರೊಂದಿಗೆ ಮೊದಲ ಮಾತಾಡಿದಳು:

"ಹೂಂನ್ರಿ, ಬ್ಯಾಡೇ ಬ್ಯಾಡ್ರಿ!"