ಬಾಸ್ ಆರಿಸಿದ ಸೋಪಿನ ಪುಡಿ

ಎಲ್ಲಾ ಶುರುವಾಗಿದ್ದು ಒಂದು ಕೆರೆತದಿಂದ.

ಕೆರೆತ ಯಾರದ್ದು? ಐದು ವರ್ಷದ ಪಟಾಕಿಯದ್ದು. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇದೆ, ಆದ್ರೆ ಅವಳು ಮಾತು ಕಲಿತ ದಿನದಿಂದ ಆ ಹೆಸರು ಸ್ಕೂಲ್ ಹಾಜರಿಯಲ್ಲಿ ಮಾತ್ರ ಉಳ್ಕೊಂಡಿದೆ. ಕತ್ತಿನ ಸುತ್ತ, ಮೊಣಕೈ ಮಡಿಕೆಯಲ್ಲಿ, ಸೊಂಟದ ಹತ್ರ ಕೆಂಪು ಕೆಂಪು ಗುಳ್ಳೆ. ಡಾಕ್ಟರು ನೋಡಿದ್ರು, ಬಟ್ಟೆ ಮುಟ್ಟಿದ್ರು, ಮೂಸಿದ್ರು. "ಸೋಪಿನ ಪುಡಿ ಬದಲಾಯಿಸಿ. ಸೆಂಟ್ ಇರಬಾರ್ದು, ಬಣ್ಣ ಇರಬಾರ್ದು, ಪಳಪಳ ಹೊಳೆಯೋ ಹಾಗೆ ಮಾಡೋದು ಏನೂ ಇರಬಾರ್ದು" ಅಂದ್ರು.

ಬೇರೆಯವರ ಮನೆಯಾಗಿದ್ರೆ ಇದು ಅಂಗಡಿಗೆ ಒಂದು ಚೀಟಿ ಬರೆದು ಕಳಿಸೋ ಕೆಲಸ. ಆದ್ರೆ ಪಟಾಕಿ ಅಪ್ಪ ಅಂದ್ರೆ ಸಾಮಾನ್ಯರಾ? ಊರಿನ ಅತಿ ದೊಡ್ಡ ಲಾಡ್ಜಿನ ಲಾಂಡ್ರಿಗೆ ಹನ್ನೆರಡು ವರ್ಷದಿಂದ ಮುಖ್ಯಸ್ಥ. ಕೆಳಗೆ ಆರು ಜನ, ಆರೂ ಜನ ಕರೆಯೋದು "ಬಾಸ್" ಅಂತ. ಆಮೇಲಾಮೇಲೆ ಬೀದಿಯವರೂ ಹಾಗೇ ಕರೆಯೋಕೆ ಶುರು ಮಾಡಿದ್ರು. ಕಲೆ ನೋಡಿ ಕತೆ ಹೇಳೋ ಮನುಷ್ಯ. "ಇದು ಟೀ ಅಲ್ಲ, ಕೆಮ್ಮಿನ ಔಷಧಿ. ಕುಡಿದೋನು ಎಡಚ" ಅಂತಿದ್ದ, ಹೋಗಿ ವಿಚಾರಿಸಿದ್ರೆ ನಿಜವೇ ಆಗಿರ್ತಿತ್ತು. ಅಂಥವನ ಮನೇಲೇ, ಅಂಥವನು ಒಗೆದ ಬಟ್ಟೆಯಿಂದಲೇ ಮಗೂಗೆ ಕೆರೆತ! ಅಡುಗೆಭಟ್ಟನ ಮಗ ಉಪವಾಸ ಮಲಗಿದ ಹಾಗೆ.

ಗಾಯದ ಮೇಲೆ ಉಪ್ಪು ಹಾಕೋಕೆ ಬೆಳಗ್ಗೆ ಎಂಟಕ್ಕೆ ಅತ್ತೆ ಫೋನು.

"ಅಳಿಯಂದ್ರೇ, ಸಂಜೆ ಐದಕ್ಕೆ ಬರ್ತೀನಿ. ರಜೆ ಪೂರ್ತಿ ಮಗು ನಮ್ಮನೇಲಿರ್ಲಿ. ನಮ್ಮನೇಲಿದ್ದಾಗ ಒಂದು ಗುಳ್ಳೆ ಇಲ್ಲ, ಒಂದು ಕೆರೆತ ಇಲ್ಲ."

ಇತ್ತ ಬಾಸ್ ಮಗಳ ರಜೆಗೆ ಅಂತಲೇ ಎಂಟು ದಿನ ರಜೆ ಹಾಕಿದ್ದ. ಸೈಕಲ್ ಕಲಿಸ್ಬೇಕು ಅಂತ ಅದರ ಪಕ್ಕದ ಸಣ್ಣ ಚಕ್ರ ಎರಡೂ ನಿನ್ನೆನೇ ಬಿಚ್ಚಿಟ್ಟಿದ್ದ.

"ಅತ್ತೆ, ಒಂದೇ ಒಂದು ಚಾನ್ಸ್ ಕೊಡಿ. ನೀವು ಬರೋ ಹೊತ್ತಿಗೆ ಹೊಸ ಪುಡಿ ತಂದು ಮನೆ ಬಟ್ಟೆಯೆಲ್ಲಾ ಒಗೆದಿರ್ತೀನಿ. ನೀವೇ ಪರೀಕ್ಷೆ ಮಾಡಿ. ಒಪ್ಪಿಗೆ ಆದ್ರೆ ಮಗು ಇಲ್ಲೇ ಇರುತ್ತೆ."

"ನೋಡೋಣ" ಅಂದ್ರು ಅತ್ತೆ. ಅತ್ತೆಯರು 'ನೋಡೋಣ' ಅಂದ್ರೆ ತೀರ್ಪು ಬರೆದಾಗಿದೆ, ಸಹಿ ಮಾತ್ರ ಬಾಕಿ ಅಂತ.

ಹೆಂಡ್ತಿ ಬಸ್ ಸ್ಟ್ಯಾಂಡಿನ ಟಿಕೆಟ್ ಕೌಂಟರಿಗೆ ಹೊರಡ್ತಾ ಚಪ್ಪಲಿ ಮೆಟ್ಕೊಂಡು, "ರೀ, ನಮ್ಮಮ್ಮನ ಹತ್ರ ಚಾಲೆಂಜ್ ಹಾಕಿದೀರಾ? ನಮ್ಮಪ್ಪ ನಲವತ್ತು ವರ್ಷದಲ್ಲಿ ಒಂದು ಸಲನೂ ಹಾಕಿಲ್ಲ" ಅಂದ್ಲು.

"ನಿಮ್ಮಪ್ಪ ಲಾಂಡ್ರೀಲಿ ಕೆಲಸ ಮಾಡಿಲ್ಲ ಕಣೆ" ಅಂತ ಬಾಸ್ ಕಾಲರ್ ಎತ್ತಿದ.

ಪಟಾಕಿನ ಪಕ್ಕದ್ಮನೇಲಿ ಆಡೋಕೆ ಬಿಟ್ಟು ಅಂಗಡಿಗೆ ಒಬ್ಬನೇ ಹೊರಟಿದ್ದ. ಮೆಟ್ಟಿಲಿಳಿಯೋ ಹೊತ್ತಿಗೆ ಮೂವರಾದ್ರು. ಮೇಲಿನ ಮನೆಯ ಕೆಮಿಸ್ಟ್ರಿ ಮೇಷ್ಟ್ರು, ರಿಟೈರ್ ಆಗಿ ಐದು ವರ್ಷ ಆಯ್ತು, ಪಾಠ ಮಾಡೋಕೆ ಗಿರಾಕಿ ಹುಡುಕ್ತಾನೇ ಇರ್ತಾರೆ. ಎದುರುಮನೆ ಪಾರ್ಲರ್ ಅಕ್ಕ, ಬ್ಯೂಟಿ ಪಾರ್ಲರ್ ಬಾಗಿಲಿಗೆ 'ಈಗ ಬರುತ್ತೇನೆ' ಬೋರ್ಡ್ ತಗಲಾಕಿ ಬಂದೇ ಬಿಟ್ಲು.

"ಅಣ್ಣಾ, ಸೋಪಿನ ಪುಡಿ ಅಂದ್ರೆ ವಾಸನೆ ಮುಖ್ಯ."

"ಏನಮ್ಮ, ಡಾಕ್ಟರು ವಾಸನೆ ಬೇಡ ಅಂದಿದ್ದಾರಲ್ಲ!" ಅಂದ್ರು ಮೇಷ್ಟ್ರು.

"ಕೆಟ್ಟ ವಾಸನೆ ಬೇಡ ಅಂದಿರ್ತಾರೆ ಸರ್."

ಅಂಗಡಿಯವನು ಹದಿನೇಳು ಪ್ಯಾಕೆಟ್ ಸಾಲಾಗಿ ಇಟ್ಟ, ಹೆಣ್ಣು ನೋಡೋಕೆ ಬಂದವರ ಮುಂದೆ ಕೂರಿಸಿದ ಹಾಗೆ. ಮೊದಲನೇದರ ಮೇಲೆ ಹಸಿರು ಎಲೆ, ಪಕ್ಕದಲ್ಲಿ ನಗೋ ಮಗು.

"ಇದು ಪೂರ್ತಿ ನ್ಯಾಚುರಲ್ ಸರ್. ಎಲೆ ನೋಡಿ."

ಬಾಸ್ ಪ್ಯಾಕೆಟ್ ಹಿಂದೆ ತಿರುಗಿಸಿದ. ಇಲ್ಲಿ ಮೆಚ್ಚಬೇಕು ಮಾರಾಯ್ರೇ ಅವನನ್ನ. ಇರುವೆ ಸಾಲಿನಂಥ ಅಕ್ಷರ, ಅದನ್ನ ಬೆರಳಿಟ್ಟು, ತುಟಿ ಅಲ್ಲಾಡಿಸ್ಕೊಂಡು, ಒಂದೊಂದೇ ಓದ್ತಾ ಹೋದ. "ಎಲೆ ಮುಂದುಗಡೆ ಇದೆ, ಸೆಂಟು ಹಿಂದುಗಡೆ ಇದೆ. ಮುಖದಲ್ಲಿ ಹೀರೋ, ಹಿಂದೆ ವಿಲನ್. ಪಕ್ಕಕ್ಕಿಡಿ."

ಎರಡನೇದು, ನೀಲಿ ಕಾಳು. ಬಣ್ಣ. ಔಟ್. ಮೂರನೇದು, 'ಬಿಳಿಗಿಂತ ಬಿಳಿ'. ಮೇಷ್ಟ್ರು ಕನ್ನಡಕ ಏರಿಸಿ ಒಳಗಿರೋ ಹೆಸರುಗಳನ್ನ ಕ್ಲಾಸಲ್ಲಿ ಹಾಜರಿ ಕೂಗಿದ ಹಾಗೆ ಕೂಗಿದ್ರು. "ನೋಡಯ್ಯಾ, ಇವನು ಕೊಳೆ ತೆಗೆಯೋನಲ್ಲ. ಬಟ್ಟೆ ಮೇಲೆ ಕೂತ್ಕೊಂಡು ಹೊಳೆಯೋನು. ಶುದ್ಧ ಸೋಮಾರಿ." ಔಟ್. ನಾಲ್ಕನೇದರಲ್ಲಿ ಏನಿದೆ ಅಂತ ಬರೆದೇ ಇರ್ಲಿಲ್ಲ. "ಊರು ಹೇಳದೆ ಹೆಣ್ಣು ಕೇಳೋಕೆ ಬಂದವನಿಗೆ ನಾನು ಬಾಗಿಲು ತೆಗೆಯಲ್ಲ" ಅಂದ ಬಾಸ್. ಅಂಗಡಿಗೆ ಬಂದಿದ್ದ ಬೇರೆಯವರು ಚಪ್ಪಾಳೆ ಹೊಡೆಯೋದೊಂದೇ ಬಾಕಿ.

ಅಷ್ಟರಲ್ಲಿ ಪಾರ್ಲರ್ ಅಕ್ಕ, "ಇದೊಂದು ಮೂಸಿ ಅಣ್ಣಾ, ಮಲ್ಲಿಗೆ ತೋಟ!" ಅಂತ ಒಂದು ಪ್ಯಾಕೆಟ್ ಮೂಲೆ ಹಲ್ಲಲ್ಲಿ ಕಚ್ಚಿ ಹರಿದ್ಲು. ಮೂಲೆ ಹರಿಯೋ ಬದಲು ಪ್ಯಾಕೆಟ್ಟೇ ಸಿಡೀತು. ಮಲ್ಲಿಗೆ ತೋಟ ಪೂರ್ತಿ ಬಾಸ್ ತಲೆ ಮೇಲೆ. ಒಂದು ಸೀನು, ಎರಡು ಸೀನು, ಹನ್ನೊಂದು ಸೀನು. ಹನ್ನೊಂದನೇದಕ್ಕೆ ಮೇಷ್ಟ್ರ ಕನ್ನಡಕ ಬೇಳೆ ಮೂಟೆಗೆ ಹಾರ್ತು.

ಆದ್ರೂ ಜಗ್ಗಲಿಲ್ಲ ಮನುಷ್ಯ. ಕಣ್ಣಲ್ಲಿ ನೀರು ಸುರೀತಿದ್ರೂ ಹದಿನಾರನೇ ಪ್ಯಾಕೆಟ್‌ವರೆಗೂ ಓದಿದ. ಹದಿನೇಳನೇದು ಬಿಳೀ ಡಬ್ಬ, ಎಲೆ ಇಲ್ಲ, ಹೂವಿಲ್ಲ, ನಗೋ ಮಗು ಇಲ್ಲ. ಮದುವೆ ಮನೆಗೆ ಇಸ್ತ್ರಿ ಇಲ್ಲದ ಅಂಗಿ ಹಾಕ್ಕೊಂಡು ಬಂದವನ ಹಾಗೆ ಮೂಲೇಲಿತ್ತು. ಸೆಂಟ್ ಇಲ್ಲ, ಬಣ್ಣ ಇಲ್ಲ, ಹೊಳಪಿಲ್ಲ. ಒಳಗೆ ಏನೇನಿದೆ ಅಂತ ಒಂದೂ ಬಚ್ಚಿಡದೆ ಬರೆದಿದ್ರು. ಮೇಷ್ಟ್ರು ಬೇಳೆಯೊಳಗಿಂದ ಕನ್ನಡಕ ತೆಗೆದು ಹಾಜರಿ ಕೂಗಿ, "ಎಲ್ಲರೂ ಮರ್ಯಾದಸ್ಥರೇ ಕಣಯ್ಯಾ" ಅಂದ್ರು.

"ಸಿಕ್ಕಿದ ನನ್ನ ಅಳಿಯ!" ಅಂತ ಬಾಸ್ ಡಬ್ಬಾನ ಎದೆಗೆ ಒತ್ಕೊಂಡ.

ಮನೆಗೆ ಬಂದು ತಾರಸಿ ಮೇಲಿನ ಮೆಷಿನ್ ಹತ್ರ ನಿಂತ ನೋಡಿ, ಅದು ನಿಜವಾದ ಎಂಟ್ರಿ. ಫ್ರಾಕು, ಲಂಗ, ಚಡ್ಡಿ, ಬನಿಯನ್ನು, ದಿಂಬಿನ ಚೀಲ, ಹೊದಿಕೆ, ಟವೆಲ್ಲು, ಕಿಟಕಿ ಪರದೆ ಕೂಡ. ಡಬ್ಬಾಗೆ ಕೈ ಹಾಕಿ ಧಾರಾಳವಾಗಿ ಹಾಕಿದ. ಕಂಜೂಸ್ ಕೈ ಅಲ್ಲ ಅದು. ಮಡಿಕೆ ಮಡಿಕೆ ಬಿಡಿಸಿ, ಜೇಬು ಹೊರಗೆ ತೆಗೆದು, ಕಾಲರ್ ಉಜ್ಜಿ. ತಾಯಿ ಮಗೂಗೆ ತಲೆ ಬಾಚಿದ ಹಾಗೆ. ಮಧ್ಯಾಹ್ನ ಒಂದಕ್ಕೆ ತಾರಸಿ ತುಂಬಾ ಬಟ್ಟೆ ಹಾರಾಡ್ತಿತ್ತು, ಹಡಗು ಹೊರಟ ಹಾಗೆ.

ಕೆಳಗೆ ಹೋಗಿ ಎರಡು ತುತ್ತು ತಿಂದು ಬಂದು ನೋಡ್ತಾನೆ, ಪಾರ್ಲರ್ ಅಕ್ಕ ಹಗ್ಗದ ಉದ್ದಕ್ಕೂ ಸ್ಪ್ರೇ ಹೊಡೀತಿದ್ದಾಳೆ. ಪುಸ್, ಪುಸ್, ಪುಸ್!

"ಅಯ್ಯೋ ಅಕ್ಕಾ! ಏನ್ ಮಾಡ್ತಿದೀಯಾ?"

"ಪಾಪ ಅಣ್ಣಾ, ಮೂಸಿ ನೋಡ್ದೆ, ಏನೂ ವಾಸನೇನೇ ಇಲ್ಲ. ಪುಡಿ ಹಾಕೋದೇ ಮರೆತಿದೀಯಾ ಅನ್ಕೊಂಡೆ. ನಿಮ್ಮತ್ತೆ ಮುಂದೆ ನಿನ್ನ ಮಾನ ಹೋಗಬಾರ್ದು ಅಂತ..."

"ಮಾನ ಉಳಿಸೋಕೆ ಬಂದು ಪ್ರಾಣ ತೆಗೆದ್ಯಲ್ಲ ತಾಯೀ!"

"ಬಾಟ್ಲಿ ಅರ್ಧ ಖಾಲಿ ಮಾಡಿದೀನಿ ಅಣ್ಣಾ" ಅಂದ್ಲು, ಅದು ಸಮಾಧಾನದ ಮಾತು ಅನ್ನೋ ಹಾಗೆ.

ಇನ್ನೊಬ್ಬ ಆಗಿದ್ರೆ ಅಲ್ಲೇ ಕೂತು ತಲೆ ಚಚ್ಕೊತಿದ್ದ. ಬಾಸ್ ಗಡಿಯಾರ ನೋಡಿದ, ಸೂರ್ಯನ್ನ ನೋಡಿದ, ಲುಂಗಿ ಎತ್ತಿ ಕಟ್ಟಿದ. ಎಲ್ಲಾ ಬಟ್ಟೆ ಇಳಿಸಿ ಮತ್ತೆ ಮೆಷಿನ್ನಿಗೆ. ಈ ಸಲ ಇನ್ನೂ ಒಂದು ಹಿಡಿ ಜಾಸ್ತಿ. ಮಗಳ ವಿಷಯದಲ್ಲಿ ಕಮ್ಮಿ ಮಾಡಬಾರ್ದು. ಮೇಷ್ಟ್ರನ್ನ ಹಗ್ಗದ ಹತ್ರ ಕುರ್ಚಿ ಹಾಕಿ ಕೂರಿಸಿದ, ಕೈಗೆ ಕೊಡೆ ಕೊಟ್ಟು. "ಯಾರೇ ಬಂದ್ರೂ ಬಿಡ್ಬೇಡಿ ಸರ್. ಕಾಗೆ ಬಂದ್ರೂ."

ನಾಲ್ಕೂ ಮುಕ್ಕಾಲಿಗೆ ಕೊನೇ ಫ್ರಾಕ್ ಒಣಗ್ತು. ಐದಕ್ಕೆ ಸರಿಯಾಗಿ ಅತ್ತೆ ಬಾಗಿಲಲ್ಲಿ. ಕೈಯಲ್ಲಿ ಮೊಮ್ಮಗಳ ಬಟ್ಟೆ ತುಂಬೋಕೆ ಅಂತ ಖಾಲಿ ಬ್ಯಾಗ್. ಹಿಂದೆನೇ ಡ್ಯೂಟಿ ಮುಗಿಸಿ ಬಂದ ಹೆಂಡ್ತಿ. ಅವಳ ಹಿಂದೆ ಮೇಷ್ಟ್ರು, ಪಾರ್ಲರ್ ಅಕ್ಕ. ಕ್ಲೈಮ್ಯಾಕ್ಸ್‌ಗೆ ಜನ ಸೇರದೆ ಇರ್ತಾರಾ?

ಅತ್ತೆ ಚಪ್ಪಲಿ ಬಿಟ್ರು, ನೀರೂ ಕುಡೀಲಿಲ್ಲ. ನೇರ ಬಟ್ಟೆ ರಾಶಿ ಹತ್ರ. ಒಂದು ಲಂಗ ಎತ್ತಿದ್ರು, ಮೂಸಿದ್ರು. ಇನ್ನೊಂದು ಎತ್ತಿದ್ರು, ಮೂಸಿದ್ರು. 

"ಏನೂ ವಾಸನೆ ಇಲ್ಲ."

"ಇಲ್ಲ ಅತ್ತೆ" ಅಂದ ಬಾಸ್.

"ಒಳ್ಳೇದು. ಬಟ್ಟೆಗೆ ಬಟ್ಟೆ ವಾಸನೆ ಇರ್ಬೇಕು, ಹೂವಿಗೆ ಹೂವಿನದ್ದು." ಡಬ್ಬ ತಿರುಗಿಸಿ, ಕನ್ನಡಕ ಹಾಕ್ಕೊಂಡು ಓದಿದ್ರು. ಹದಿನೇಳು ಪ್ಯಾಕೆಟ್ಟಿನ ಕತೆ ಮೇಷ್ಟ್ರು ಹೇಳಿದ್ರು, ಕುರ್ಚಿ ಕಾವಲಿನ ಕತೆ ಸ್ವಲ್ಪ ಉದ್ದಾನೇ ಹೇಳಿದ್ರು. ಅತ್ತೆ ಮುಖ ನಿಧಾನಕ್ಕೆ ಮೆತ್ತಗಾಯ್ತು. "ನಾನೇ ಹೋಗಿದ್ರೂ ಇಷ್ಟು ಓದ್ತಿರ್ಲಿಲ್ಲ. ಅಳಿಯಂದ್ರು ಅಂದ್ರೆ ಹೀಗಿರ್ಬೇಕು."

ಹೆಂಡ್ತಿ ಬಾಯಿ ಮುಚ್ಚೋಕೇ ಮರೆತ್ಲು. ಅತ್ತೆ ಖಾಲಿ ಬ್ಯಾಗನ್ನ ಮಡಿಸಿ ಕಂಕುಳಲ್ಲಿಟ್ಕೊಂಡ್ರು. ಬಾಸ್ ಕಿವಿಯಲ್ಲಿ ಡೋಲು, ತಾಳ, ನೂರು ಜನ ಕುಣೀತಿದ್ದಾರೆ.

ಆಗ ಬಚ್ಚಲಿಂದ ಪಟಾಕಿ ಧ್ವನಿ. "ಅಜ್ಜೀ, ಬಾ ನೋಡು! ನನ್ನ ಬೊಂಬೆಗೆ ಸ್ನಾನ!"

ಎಲ್ಲರೂ ಹೋದ್ರು. ಬಕೆಟ್ ತುಂಬಾ ನೊರೆ. ನೊರೆ ಮೇಲೆ ಬೊಂಬೆ ತಲೆ ಮಾತ್ರ ಕಾಣ್ತಿತ್ತು, ಮೋಡದಲ್ಲಿ ದೇವತೆ ಹಾಗೆ.

"ಸೋಪು ಯಾರೇ ಕೊಟ್ಟಿದ್ದು?" ಅಂದ್ಲು ಹೆಂಡ್ತಿ.

"ಯಾರೂ ಇಲ್ಲಮ್ಮ. ಬರೀ ನೀರು. ಉಜ್ಜೋಕೆ ಅಂತ ಅಪ್ಪ ಒಗೆದಿದ್ದ ಫ್ರಾಕ್ ಹಾಕ್ದೆ. ಸೋಪು ಅದರಲ್ಲೇ ಇದೆ!"

 ಅತ್ತೆ ಆ ನೀರು ಚೆಲ್ಲಿ ಬೇರೆ ನೀರು ಹಿಡಿದು, ಒಂದು ಟವೆಲ್ ಅದ್ದಿ ಎರಡು ಸಲ ಕಿವುಚಿದ್ರು. ನೊರೆ. ಬಾಸ್‌ದೇ ಒಂದು ಬನಿಯನ್. ನೊರೆ. ಕಿಟಕಿ ಪರದೆ ಅದ್ದೋ ಹೊತ್ತಿಗೆ ನೊರೆ ಹೊಸ್ತಿಲು ದಾಟಿ ಹಾಲಿಗೆ ಬಂತು, ನೆಂಟರ ಹಾಗೆ.

"ಎಷ್ಟು ಪುಡಿ ಹಾಕಿದ್ಯಯ್ಯಾ?" ಅಂದ್ರು ಮೇಷ್ಟ್ರು ಮೆಲ್ಲಗೆ.

"ಯಾವಾಗ್ಲೂ ಹಾಕೋ ಅಷ್ಟೇ ಸರ್. ಮೆಷಿನ್ನಿಗೆ ನಾಲ್ಕು ಹಿಡಿ, ಎರಡನೇ ಸಲ ಮಾತ್ರ ಐದು. ಲಾಡ್ಜಲ್ಲೂ ನಾಲ್ಕೇ."

"ಲಾಡ್ಜಿನ ಮೆಷಿನ್ನಲ್ಲಿ ಎಷ್ಟು ಬಟ್ಟೆ ಹಿಡಿಯುತ್ತೆ?"

"ನಲವತ್ತು ಬೆಡ್‌ಶೀಟು ಸ—" ಬಾಸ್ ಕೈ ತಾನಾಗಿ ಮುಷ್ಟಿ ಹಿಡಿದಿತ್ತು, ಮೆಲ್ಲಗೆ ಬಿಚ್ಚಿದ.

ಅತ್ತೆ ಡಬ್ಬಾದೊಳಗೆ ಎರಡು ಬೆರಳು ಹಾಕಿ, ಪುಡಿ ಅಡಿಯಲ್ಲಿ ಹೂತುಹೋಗಿದ್ದ ಒಂದು ಪುಟಾಣಿ ಚಮಚ ಹೊರಗೆ ತೆಗೆದ್ರು. "ಇದು ಒಂದು. ಎರಡೂ ಅಲ್ಲ. ನಮ್ಮನೇಲಿ ನಾನು ಇಷ್ಟೇ ಹಾಕೋದು."

ಹದಿನೇಳು ಪ್ಯಾಕೆಟ್ಟಿನ ಹೊಟ್ಟೇಲಿ ಏನಿದೆ ಅಂತ ಓದಿದವನು, ಎಷ್ಟು ಹಾಕ್ಬೇಕು ಅನ್ನೋ ಸಾಲು ಓದಿರ್ಲಿಲ್ಲ. ಲಾಂಡ್ರಿ ಬಾಸ್‌ಗೆ ಯಾರಾದ್ರೂ ಅಳತೆ ಹೇಳಿಕೊಡ್ತಾರಾ?

"ಹಾಗಾದ್ರೆ ತಪ್ಪು ನನ್ನ ಸ್ಪ್ರೇದಲ್ಲ" ಅಂದ್ಲು ಪಾರ್ಲರ್ ಅಕ್ಕ.

"ನಿಂದು ತಪ್ಪು. ಇವ್ರದ್ದು ಮಹಾತಪ್ಪು" ಅಂದ್ರು ಅತ್ತೆ. ಆಮೇಲೆ, ಅಳಿಯನ ಮುಖ ನೋಡಿ ಕರಗಿದ್ರೋ ಏನೋ, "ಹೋಗ್ಲಿ ಬಿಡಿ. ರೋಗ ಎಲ್ಲಿ ಅಂತ ಗೊತ್ತಾಯ್ತಲ್ಲ. ಪುಡಿನೂ ಸರಿಯಾಗೇ ಆರಿಸಿದೀರಿ. ಬರೀ ನೀರಲ್ಲಿ ನೊರೆ ಹೋಗೋವರೆಗೂ ಜಾಲಾಡಿಸಿ. ನಾನು ಯಾಕೆ ಕರ್ಕೊಂಡು ಹೋಗ್ಲಿ? ಮಗು ನಿಮ್ಮ ಹತ್ರನೇ ಇರ್ಲಿ" ಅಂದ್ರು.

ಬಾಸ್‌ಗೆ ಹೋದ ಜೀವ ವಾಪಸ್ ಬಂತು. ಸೈಕಲ್ಲು, ಎಂಟು ದಿನ, ಅಪ್ಪ-ಮಗಳು!

"ಅಜ್ಜೀ," ಅಂದ್ಲು ಪಟಾಕಿ, ಎರಡೂ ಕೈಯಲ್ಲಿ ನೊರೆ ಎತ್ಕೊಂಡು, "ನಾನು ಈಗ್ಲೇ ಬರಲ್ಲ. ಇದು ಖಾಲಿಯಾದ ಮೇಲೆ ಬರ್ತೀನಿ. ಆಮೇಲೆ ಇಲ್ಲಿ ಏನಿರುತ್ತೆ? ನಿಮ್ಮನೇಲಿ ಬೆಕ್ಕಿನ ಮರಿ ಇದೆಯಲ್ವಾ?"

"ಇದೆ ಕಂದಾ. ಮೂರಿದೆ" ಅಂದ್ರು ಅತ್ತೆ. ಸುಳ್ಳು ಹೇಳೋ ಹೆಂಗಸಲ್ಲ ಅವರು.

"ಸೈಕಲ್ ಕಲಿಸ್ತೀನಿ ಕಂದಾ" ಅಂದ ಬಾಸ್.

"ಅದು ಬೆಕ್ಕಲ್ಲ ಅಪ್ಪಾ."

ಬಾಸ್ ಬಕೆಟ್ ಮುಂದೆ ಕುಕ್ಕುರುಗಾಲಲ್ಲಿ ಕೂತ. ಪುಡಿ ಡಬ್ಬ ಮಂಡಿ ಪಕ್ಕದಲ್ಲೇ ಇತ್ತು, ಮುಚ್ಚಳ ತೆಗೆದೇ ಇತ್ತು. ಯಾರೂ ನೋಡದ ಹಾಗೆ ಒಂದು ಚಿಟಿಕೆ ಹಾಕಿದ್ರೆ ಸಾಕು, ಇನ್ನೊಂದು ಗಂಟೆ ನೊರೆ. ಒಂದು ಹಿಡಿ ಹಾಕಿದ್ರೆ ಎರಡು ದಿನ ಮಗಳು ಇಲ್ಲೇ. ಡಬ್ಬ ನೋಡಿದ. ಎದುರಿಗೆ ಕೂತಿದ್ದ ಪಟಾಕಿಯ ಕತ್ತು ನೋಡಿದ, ಅಲ್ಲಿನ ಕೆಂಪು ಗುಳ್ಳೆ ನೋಡಿದ. ಡಬ್ಬಾದ ಮುಚ್ಚಳ ಒತ್ತಿ ಹಾಕಿ, ಹಿಂದಕ್ಕೆ ತಿರುಗದೆ ಹೆಂಡ್ತಿ ಕೈಗೆ ಕೊಟ್ಟ.

ನಿಜವಾದ ಬಾಸ್ ಅಂದ್ರೆ ಅದು ಕಣ್ರೀ.

ನಲ್ಲಿ ತಿರುಗಿಸಿದ. ಮೊದಲನೇ ಬಕೆಟ್, ಎರಡನೇದು, ಮೂರನೇದು. ತೋಳು ಸೋತ್ರೂ ಕಿವುಚಿದ. "ಇನ್ನೂ ಇದೆ ಅಪ್ಪಾ!" ಅಂತ ಪಟಾಕಿ ಕೂಗಿದಾಗೆಲ್ಲ ಅವನ ಮುಖ ಅರಳ್ತಿತ್ತು.

ಒಂಬತ್ತನೇ ಬಕೆಟ್‌ನಲ್ಲಿ ನೊರೆ ಇರ್ಲಿಲ್ಲ, ತಳ ಕಾಣಿಸ್ತು. ಪಟಾಕಿ ಬಗ್ಗಿ ಒಂದು ಸಲ ನೋಡಿದ್ಲು, ಕೈ ಒರೆಸ್ಕೊಂಡ್ಲು, ಎದ್ದು ಹೋಗಿ ಚಪ್ಪಲಿ ಹಾಕ್ಕೊಂಡು ಬಾಗಿಲಲ್ಲಿ ನಿಂತ್ಲು.