ಹೊಳಲಿನ ಹಣೆಗಳ ಬಣ್ಣ ದುರಸ್ತಿ

ಯುದ್ಧದ ನಾಲ್ಕನೆಯ ವರ್ಷದಲ್ಲಿ ಹೊಳಲು ಗ್ರಾಮದ ಮದುವೆಯಾದ ಗಂಡಸರೆಲ್ಲರೂ ಒಂದೇ ದಿನ ಮೃತಪಟ್ಟರು. ಸಾವಿಗೆ ಕಾರಣ ತೇವ.

ಕಾಗದದ ಅಭಾವವಿದ್ದುದರಿಂದ ಮಂಡ್ಯದ ನಮ್ಮ ಧಾನ್ಯ ಮಿತವ್ಯಯ ಕಚೇರಿಯು ಪಡಿತರದ ಲೆಕ್ಕಕ್ಕೆ ಜನರನ್ನು ಬರೆದುಕೊಳ್ಳುವ ಬದಲು ಬಣ್ಣದ ಫಿಲ್ಮಿನಲ್ಲಿ ಹಿಡಿದಿಟ್ಟಿತ್ತು. ಗಂಡಸರು ಗದ್ದೆಗೆ ಹೋಗಿರುವ ಹೊತ್ತಾದ್ದರಿಂದ ಹೆಂಗಸರನ್ನಷ್ಟೇ ನಿಲ್ಲಿಸಿ ಒಂದು ನಿಯಮ ಮಾಡಿಕೊಂಡೆವು. ಹಣೆಯಲ್ಲಿ ಕೆಂಪು ಕುಂಕುಮ ಕಂಡರೆ ಗಂಡನಿದ್ದಾನೆ, ಕಪ್ಪು ಸಾದಿನ ಬೊಟ್ಟು ಕಂಡರೆ ಇನ್ನೂ ಮದುವೆಯಾಗಿಲ್ಲ, ಬರಿದಾಗಿದ್ದರೆ ಗಂಡ ತೀರಿಕೊಂಡಿದ್ದಾನೆ. ಫಿಲ್ಮಿನ ಡಬ್ಬಿಯನ್ನು ವಶಪಡಿಸಿಕೊಂಡ ಬೆಲ್ಲದ ಮೂಟೆಗಳ ಕೆಳಗೆ ಭದ್ರವಾಗಿಟ್ಟಿದ್ದೆವು. ಮಳೆಗಾಲ ಕಳೆದು ಗೋಡೆಯ ಮೇಲೆ ಬಿಟ್ಟು ನೋಡಿದರೆ ತೇವಕ್ಕೆ ಬಣ್ಣವೆಲ್ಲ ಇಳಿದುಹೋಗಿ, ಇಡೀ ಊರಿನಲ್ಲಿ ಒಂದು ಹಣೆಯಲ್ಲೂ ಬೊಟ್ಟಿರಲಿಲ್ಲ. ನಮ್ಮ ಸಾಹೇಬರು ಎದ್ದು ನಿಂತು ಮೌನ ಆಚರಿಸಿದರು. ಬಳಿಕ ಮೃತರ ಪಾಲಿನ ಸಕ್ಕರೆ, ಸೀಮೆಎಣ್ಣೆಗಳನ್ನು ಕಚೇರಿಯೇ ದುಃಖದಿಂದ ವಹಿಸಿಕೊಂಡಿತು.

ಇಂಥ ಸಮಯದಲ್ಲಿ ಮೃತ ಬೆಟ್ಟಯ್ಯನು ಹೆಂಡತಿ ಹೊಂಬಾಳಮ್ಮನೊಡನೆ ಬಂದು, ಮಗಳು ಶಿವನಂಜಮ್ಮನ ಮದುವೆಗೆ ಅಕ್ಕಿಯ ಪರ್ಮಿಟ್ಟು ಕೇಳಿದ. ಇದ್ದವಳೊಬ್ಬಳೇ ಮಗಳು. ಗಂಡು ಬೆಳಕವಾಡಿಯವನು. ಪರ್ಮಿಟ್ಟಿಲ್ಲದೆ ಊಟ ಹಾಕಿದರೆ ಜೈಲು. ಅರ್ಜಿಗೆ ತಂದೆಯ ಹೆಬ್ಬೆಟ್ಟು ಬೇಕು.

"ಸತ್ತವರ ಹೆಬ್ಬೆಟ್ಟು ಊರ್ಜಿತವಲ್ಲ," ಎಂದರು ಸಾಹೇಬರು.

"ಸತ್ತೋರಾ? ಒತ್ತಾರೆ ಎಲ್ಡು ಮುದ್ದೆ ಉಂಡೋರ್ಯಾರು ಸ್ವಾಮಿ?" ಎಂದಳು ಹೊಂಬಾಳಮ್ಮ.

"ಇಲ್ಲೇ ನಿಂತಿವ್ನಲ್ಲ ಸ್ವಾಮಿ!" ಎಂದ ಬೆಟ್ಟಯ್ಯ.

"ಅವರು ಮಾತಾಡುವಂತಿಲ್ಲ ಅಂತ ತಿಳಿಸಮ್ಮ," ಎಂದು ಸಾಹೇಬರು ಆಕೆಗೆ ಮೆಲ್ಲಗೆ ಹೇಳಿದರು.

ಆದರೂ ನಮ್ಮದೇನು ಕಲ್ಲೆದೆಯ ಕಚೇರಿಯಲ್ಲ. ಫಿಲ್ಮಿನ ಬಣ್ಣ ಸರಿಪಡಿಸಲು, ನಾಟಕದ ಪರದೆ ಬರೆಯುವ ಕರಿಸಿದ್ದಯ್ಯನನ್ನು ಮದ್ದೂರಿನಿಂದ ಕರೆಸಿದೆವು. ಫಿಲ್ಮಿನಲ್ಲಿ ಒಂದು ಮುಖವೆಂದರೆ ರಾಗಿಕಾಳಿನಷ್ಟು. ಯಾರಿಗೆ ಕೆಂಪು, ಯಾರಿಗೆ ಕಪ್ಪು ಎಂದು ಅವನು ಕೇಳಿದ. ಕಚೇರಿ ಹೆಂಗಸರಲ್ಲಿ ಭೇದ ಮಾಡುವುದಿಲ್ಲವೆಂದು ಸಾಹೇಬರು ಹೇಳಿದ ಮೇಲೆ ಎಲ್ಲರಿಗೂ ಕೆಂಪನ್ನೇ ಇಟ್ಟ. ಕೆಲವು ಎಮ್ಮೆಗಳಿಗೂ ಬಿತ್ತು. ಊರಿನ ಗಂಡಸರೆಲ್ಲ ಬದುಕಿದರು, ಹಿಂದೆಂದೋ ಮಣ್ಣಾದವರೂ ಬದುಕಿದರು. ನಾನಂತೂ ಸಂತೋಷದಿಂದ ಸಾಹೇಬರ ಕೈ ಕುಲುಕಿದೆ.

ಬೆಟ್ಟಯ್ಯ ಕೂಡಲೇ ಹೆಬ್ಬೆಟ್ಟು ಒತ್ತಿದ. ಸಾಹೇಬರು ಫಿಲ್ಮು ನೋಡಿ ಅರ್ಜಿ ಹಿಂದಿರುಗಿಸಿದರು.

"ನಿಮ್ಮ ಮಗಳ ಹಣೆಯೂ ಕೆಂಪಗಿದೆ. ಮದುವೆಯಾದವಳ ಮದುವೆಗೆ ಅಕ್ಕಿ ಕೊಡಲು ಬರುವುದಿಲ್ಲ."

"ಯಾರ್ ಜೊತೆ ಆಯ್ತು ಸ್ವಾಮಿ?" ಎಂದ ಬೆಟ್ಟಯ್ಯ.

"ಗಂಡಸರು ಫಿಲ್ಮಿನಲ್ಲಿಲ್ಲ."

"ಅಂಗಾರೆ ಆ ಬೊಟ್ಟು ಅಳಿಸ್ಬುಡಿ," ಎಂದಳು ಹೊಂಬಾಳಮ್ಮ.

"ಅಳಿಸಬಹುದು. ಅಳಿಸಿದರೆ ವಿಧವೆಯಾಗುತ್ತಾಳೆ."

ಹೊಂಬಾಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಬ್ಯಾಡಿ ಸ್ವಾಮಿ. ಇರ್ಲಿ ಬುಡಿ."

ಬೆಳಕವಾಡಿಯ ಬೀಗರು ಸಮಂಜಸ ಮನುಷ್ಯರು. ಸರ್ಕಾರದವರೇ ಮಾಡಿದ ಮದುವೆ ಗಟ್ಟಿ ಎಂದು ಹೇಳಿ, ಧಾರೆಯನ್ನೂ ಎರೆಸಿಕೊಳ್ಳದೆ ಹುಡುಗಿಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದರು. ಸುದ್ದಿ ಹಬ್ಬಿದ ಮೇಲೆ ಹೆಣ್ಣು ಹೆತ್ತವರು ಮಳವಳ್ಳಿಯಿಂದಲೂ ಬಂದು, ತಮ್ಮ ಮಗಳಿಗೂ ಒಂದು ಚುಕ್ಕಿ ಇಡಿಸಿಕೊಡಬೇಕೆಂದು ಸಾಲು ನಿಂತರು. ಅವರ ನಡುವೆ ದಾರಿ ಮಾಡಿಕೊಂಡು ಬಂದ ಹೊಂಬಾಳಮ್ಮ, ಧಾರೆಗೆಂದು ಮೀಸಲಿಟ್ಟಿದ್ದ ಹಸುವಿನ ಹಾಲಿನ ತಂಬಿಗೆಯನ್ನು ನನ್ನ ಮೇಜಿನ ಮೇಲಿಟ್ಟಳು.

"ಎರೆಯೋಕೆ ಮಗ್ಳಿಲ್ಲ ಕಣಪ್ಪ. ನೀವೇ ಕುಡ್ಕಳಿ."

ಕಾಫಿ ಮಾಡಿಸಿ ಕುಡಿದೆವು. ಹಾಲು ಗಟ್ಟಿಯಾಗಿತ್ತು.